ಹತ್ತಕ್ಕೆ ಮೂರು ಪಾಲು ಮಳೆ

ನಡುಮಾಸ ೨೭, ಶುಕ್ರವಾರ, ೨೨೧೪
ಗಾಳಿಮನೆ, ಕೆಂಗೋಟಾ

ನಮಗಿಂತ ಮೊದಲು ಈ ಊರಿನಲ್ಲಿ ಬಾಳಿದವರಿಗೆ ಕಾಶೆಮ್ಮನ ನಮಸ್ಕಾರಗಳು.

ಮೇಲಿನ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಉಳಿದ ತಿಂಗಳುಗಳಿಂದ ಎರಡು ಮೂರು ದಿನ ಕಿತ್ತು ತಂದು, ಆಷಾಢಕ್ಕೂ ಶ್ರಾವಣಕ್ಕೂ ನಡುವೆ ನಮ್ಮ ಹಿಂದಿನ ತಲೆಮಾರಿನವರು ಒಂದು ಹದಿಮೂರನೆಯ ತಿಂಗಳನ್ನು ಕೂರಿಸಿದರು. ಬೇಸಿಗೆ ಹೋಯಿತು ಎನ್ನುವಂತಿಲ್ಲ, ಮಳೆಗಾಲ ಬಂತು ಎನ್ನುವಂತೆಯೂ ಇಲ್ಲ. ಆ ದಿನಗಳಿಗೆ ಯಾವ ಹೆಸರಿಟ್ಟರೂ ಸುಳ್ಳಾಗುತ್ತಿದ್ದುದರಿಂದ ನಡುಮಾಸ ಎಂದು ಕರೆದು ಸುಮ್ಮನಾದರು. ಇಂಥ ಅಪರಿಚಿತ ಮಾತುಗಳು ಈ ಪತ್ರದಲ್ಲಿ ಇನ್ನೂ ನಾಲ್ಕಾರು ಬರುತ್ತವೆ. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತು, ಹಳೆಯ ಕಾಗದಗಳನ್ನು ಓದಿ ತಿದ್ದಿಕೊಂಡವಳು. ಎಲ್ಲಿಯಾದರೂ ಒರಟಾಗಿ ಕೇಳಿಸಿದರೆ ಕ್ಷಮಿಸಿ. ಜನ ಆಡಿದ ಮಾತನ್ನು ಮಾತ್ರ ಅವರು ಆಡಿದ ಹಾಗೆಯೇ ಬರೆದಿದ್ದೇನೆ. ಮನೆಮಾತು ಈ ಇನ್ನೂರು ವರ್ಷಗಳಲ್ಲಿ ಅಷ್ಟೇನೂ ಬದಲಾದ ಹಾಗೆ ಕಾಣದು.

ಕನ್ನಡ ನಾಡಿನ ಉತ್ತರದ ತುದಿಯಲ್ಲಿ, ಕೆಂಪು ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲಿನ ಮೇಲೆ, ನಮ್ಮ ಊರು ಈಗಲೂ ಸಣ್ಣದೇ. ಆರು ಸಾವಿರ ಜನ. ಒಂದು ದೊಡ್ಡ ಬೀದಿ, ಅದಕ್ಕೆ ಅಂಟಿಕೊಂಡ ಗಲ್ಲಿಗಳು. ಬೇಸಿಗೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ನೆರಳುಹೊತ್ತು, ಅಂದರೆ ಆ ವೇಳೆಯಲ್ಲಿ ಯಾರೂ ಬಯಲಿಗೆ ಕಾಲಿಡುವಂತಿಲ್ಲ. ಚಳಿಗಾಲ ಚಿಕ್ಕದು, ಸುಖದ್ದು. ಕಷ್ಟವೆಲ್ಲ ನಡುಮಾಸದ್ದು. ಬೆಳಿಗ್ಗೆ ಸೆಕೆ, ಮಧ್ಯಾಹ್ನ ಆಲಿಕಲ್ಲು, ಸಂಜೆ ಮೈ ನಡುಗಿಸುವ ಗಾಳಿ. ಹಾಲಿಗೆ ಹೆಪ್ಪು ಹಾಕಿದರೆ ಒಂದು ದಿನ ನಾಲ್ಕು ತಾಸಿಗೆ ಮೊಸರಾಗುತ್ತದೆ, ಮರುದಿನ ಹತ್ತು ತಾಸಾದರೂ ಹಾಲಾಗಿಯೇ ಇರುತ್ತದೆ. ಆ ತಿಂಗಳು ಮದುವೆ ಇಟ್ಟುಕೊಳ್ಳುವುದಿಲ್ಲ, ಹಪ್ಪಳ ಹಾಕುವುದಿಲ್ಲ. ಮನೆಯಿಂದ ಹೊರಗೆ ಹೊರಟವರ ಹೆಗಲಿಗೆ ಮುಬ್ಬಟ್ಟೆ ಚೀಲ ಇದ್ದೇ ಇರುತ್ತದೆ. ಬಿಸಿಲಿಗೊಂದು, ಮಳೆಗೊಂದು, ಚಳಿಗೊಂದು ಎಂದು ಮೂರು ಬಟ್ಟೆ ಇಟ್ಟುಕೊಳ್ಳುವ ಚೀಲ ಅದು. ಬಟ್ಟೆ ಬದಲಾಯಿಸಲು ಬೀದಿಯ ಮೂಲೆಮೂಲೆಗೂ ಬಿದಿರು ತಟ್ಟಿಯ ಮರೆ ಕಟ್ಟಿರುತ್ತಾರೆ.

ನಾನು ಈ ಊರಿನ ವಾರಗಾರ್ತಿ. ಬರುವ ಏಳು ದಿನ ಹೇಗಿರುತ್ತವೆ ಎಂದು ಹೇಳುವುದು ವಾರಗಾರ್ತಿಯ ಕೆಲಸ. ಬಸ್‌ಸ್ಟ್ಯಾಂಡಿನ ಎದುರು ದಿನಕ್ಕೊಂದು ಚೌಕದಂತೆ ಏಳು ಮನೆಗಳ ಒಂದು ದೊಡ್ಡ ಹಲಗೆ ಇದೆ. ಸೋಮವಾರ ಬೆಳಿಗ್ಗೆ ಅದರ ಮೇಲೆ ಒಣ ದಿನಕ್ಕೆ ಬಿಳಿ, ಮಳೆಯ ದಿನಕ್ಕೆ ನೀಲಿ ಬಳಿಯುತ್ತೇನೆ. ಆಮೇಲೆ ದಿನದಿನವೂ ಬೆಳಿಗ್ಗೆ ಬಂದು ತಿದ್ದುತ್ತೇನೆ. ಬಿಳಿ ಬಳಿದ ದಿನವೂ ಮಳೆ ಬರುವ ಅನುಮಾನವಿದ್ದರೆ ಕೆಳಗೆ ಸಣ್ಣ ಕುಂಚದಿಂದ ‘ಹತ್ತಕ್ಕೆ ಎರಡು’, ‘ಹತ್ತಕ್ಕೆ ಐದು’ ಎಂದು ಪಾಲು ಬರೆಯಬೇಕು. ಇದು ನಿಯಮ. ದೂರದ ನಗರದಲ್ಲಿ ಇದನ್ನೆಲ್ಲ ಲೆಕ್ಕ ಹಾಕುವ ದೊಡ್ಡ ಯಂತ್ರಗಳಿವೆ, ಅವು ಕಳಿಸಿದ್ದನ್ನೇ ನಾನೂ ಓದುವುದು. ಆದರೆ ಯಂತ್ರದ ಮಾತು ನಲವತ್ತು ಊರಿಗೆ ಒಟ್ಟಾಗಿ ಬರುತ್ತದೆ. ನಮ್ಮ ಬಯಲಿಗೆ ಹೊಂದಿಸಿ ಹೇಳಲು, ಹೇಳಿದ ಮಾತಿಗೆ ಜವಾಬ್ದಾರಿ ಹೊರಲು ಒಬ್ಬರು ಬೇಕು. ಯಂತ್ರಕ್ಕೆ ನಾಚಿಕೆ ಇಲ್ಲ, ತಪ್ಪಿದರೆ ನಾಚುವಂಥ ಮನುಷ್ಯರು ಹೇಳಲಿ ಎಂದು ಹಿರಿಯರು ಈ ಕೆಲಸ ಹುಟ್ಟಿಸಿದರಂತೆ.

ಈ ಮಳೆಗಾಲಕ್ಕೆ ನನ್ನ ಕೆಲಸ ಮುಗಿಯುತ್ತದೆ. ಕುಂಚ ಕೆಳಗಿಡುವ ಮುನ್ನ ನಿಮಗೆ ಹೇಳಬೇಕಾದ ಒಂದು ವಾರದ ಸಂಗತಿ ಇದೆ. ಹದಿನೇಳು ವರ್ಷದ ಹಿಂದಿನದು. ಆಗ ನನಗೆ ನಲವತ್ತೊಂದು.

ಮೊದಲು ಒಳಹೊಳೆಯ ವಿಷಯ ಹೇಳಬೇಕು. ಊರಿನ ಪಡುವಣ ಬಯಲಿನಿಂದ ಊರ ಹೊಂಡದವರೆಗೆ, ನೆಲದ ಕೆಳಗೆ ಕಲ್ಲು ಕೊರೆದು ಮಾಡಿದ ಒಂದು ನೀರಿನ ಸುರಂಗ ಇದೆ. ನಿಮಗಿಂತಲೂ ಎಷ್ಟೋ ನೂರು ವರ್ಷ ಹಿಂದಿನವರು ತೋಡಿದ್ದು. ಮೇಲಿನಿಂದ ಗಾಳಿ ಬೆಳಕು ಇಳಿಯಲು ದಾರಿಯುದ್ದಕ್ಕೂ ಬಾವಿಯಂಥ ಹನ್ನೊಂದು ಬಾಯಿಗಳು. ನಿಮ್ಮ ಕಾಲದಲ್ಲಿ ಇವುಗಳಲ್ಲಿ ಬಹಳಷ್ಟು ಕಸದಡಿ ಮುಚ್ಚಿದ್ದವು ಎಂದು ಓದಿದ್ದೇನೆ. ನಿಮ್ಮ ಮೊಮ್ಮಕ್ಕಳು ನಲವತ್ತು ವರ್ಷ ದುಡಿದು ಅವನ್ನು ತೆರೆದರು. ನಮ್ಮ ಕುಡಿಯುವ ನೀರೆಲ್ಲ ಅದರದ್ದೇ. ಪ್ರತಿ ನಡುಮಾಸದಲ್ಲಿ, ದೊಡ್ಡ ಮಳೆಗೆ ಮುಂಚೆ, ಒಳಗೆ ತುಂಬಿದ ಹೂಳನ್ನು ಬುಟ್ಟಿಯಲ್ಲಿ ಎಳೆದು ತೆಗೆಯಬೇಕು. ಅದಕ್ಕೆ ಐದು ಒಣ ದಿನ ಬೇಕು. ತೆಗೆಯದಿದ್ದರೆ ಮಳೆಯ ನೀರು ಹೂಳಿಗೆ ತಡೆದು ಬಯಲಿನಲ್ಲೇ ಇಂಗಿಹೋಗುತ್ತದೆ, ಊರಿಗೆ ಬರುವುದಿಲ್ಲ.

ಹೂಳು ತೆಗೆಯುವ ಒಂಬತ್ತು ಜನರ ತಂಡಕ್ಕೆ ಮಸ್ತಾನಸಾಬರು ಮುಖ್ಯಸ್ಥರು. ಅರವತ್ತು ದಾಟಿದ್ದರೂ ಗಟ್ಟಿಮುಟ್ಟಾಗಿದ್ದ, ಮಾತು ಬಲು ಜೋರಾಗಿದ್ದ ಮನುಷ್ಯ. ನಮ್ಮ ತಂದೆಯ ಗೆಳೆಯರು, ನಾನು ಮಾಮಾ ಎಂದೇ ಕರೆಯುತ್ತಿದ್ದೆ. ತಂಡದಲ್ಲಿ ಎಲ್ಲರಿಗಿಂತ ಮುಂದೆ, ಸುರಂಗದ ತೀರ ಒಳಗೆ ಹೋಗಿ ಅಗೆಯುತ್ತಿದ್ದವನು ಝರೆಪ್ಪ. ಮೂವತ್ತರ ವಯಸ್ಸು, ಸಣ್ಣ ಮೈ, ಕಡಿಮೆ ಮಾತು.

ಆ ಸೋಮವಾರ ನಾನು ಐದು ಮನೆಗೆ ಬಿಳಿ ಬಳಿದೆ. ಶನಿವಾರ ಭಾನುವಾರಕ್ಕೆ ನೀಲಿ. ಮಸ್ತಾನಸಾಬರು ಹಲಗೆ ನೋಡಿ, "ಐದು ದಿನ ಕೊಟ್ಟಿದಿ ಕಾಶವ್ವ, ಕೈ ಬಂಗಾರಾಗ್ಲಿ," ಎಂದು ಹರಸಿ ತಂಡ ಕರೆದುಕೊಂಡು ಹೋದರು. ಮಧ್ಯಾಹ್ನ ಎರಡಕ್ಕೆ, ಕಣ್ಣು ಕುಕ್ಕುವ ಬಿಸಿಲಿನಲ್ಲಿ, ನೆಲ್ಲಿಕಾಯಿ ಗಾತ್ರದ ಆಲಿಕಲ್ಲು ಸುರಿಯಿತು. ಹತ್ತೇ ನಿಮಿಷ. ಒಳಗೆ ಹೆಚ್ಚು ನೀರು ಬರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆದರೆ ತಂಡ ಹೆದರಿ ಮೇಲೆ ಬಂತು. ನಾನೂ ಹೆದರಿದೆ. ಯಂತ್ರದ ಮಾತನ್ನು ಮತ್ತೆ ಓದಿ, ಮಂಗಳವಾರದ ಬಿಳಿಯ ಮೇಲೆ ನೀಲಿ ಬಳಿದೆ.

ಮಂಗಳವಾರ ಆಕಾಶ ಒರೆಸಿಟ್ಟ ತಾಟಿನ ಹಾಗೆ ಇತ್ತು. ಒಂದು ಹನಿ ಇಲ್ಲ. ತಂಡದವರು ದಿನವಿಡೀ ಚಹಾದ ಹೋಟೆಲಿನ ಮುಂದೆ ಕೂತು ಆಕಾಶ ನೋಡಿದರು. ಬುಧವಾರಕ್ಕೆ ಬಿಳಿ ಬಳಿದು, ಕೆಳಗೆ ‘ಹತ್ತಕ್ಕೆ ಐದು’ ಎಂದು ಬರೆದೆ. ಬುಧವಾರ ಮಳೆಯೂ ಬರಲಿಲ್ಲ, ಬಿಸಿಲೂ ಬರಲಿಲ್ಲ. ಮಂಜು ಬಂತು. ನಮ್ಮ ಊರಿನಲ್ಲಿ ಹಿಂದೆಂದೂ ಕಾಣದಂಥ ಮಂಜು. ದೊಡ್ಡ ಬೀದಿಯ ಈಚೆ ಮನೆಯವರಿಗೆ ಆಚೆ ಮನೆ ಕಾಣದು. ಸುರಂಗದ ಬಾಯಿ ಎಲ್ಲಿದೆ ಎಂದು ತಿಳಿಯದೆ ಬಯಲಿಗೆ ಯಾರೂ ಕಾಲಿಡಲಿಲ್ಲ. ಶಾಲೆಯ ಮಕ್ಕಳು ಒಬ್ಬರ ಚೀಲ ಒಬ್ಬರು ಹಿಡಿದುಕೊಂಡು ಸಾಲಾಗಿ ಹೋದರು. ಎಮ್ಮೆಗಳು ನಿಂತಲ್ಲೇ ನಿಂತವು.

ಮಂಜು ಕರಗಿದ ಮೇಲೆ ನಾನು ಹಲಗೆಯ ಬಳಿ ಹೋದೆ. ಯಾರೋ ಅದರ ಮೊಳೆಗೆ ಒಂದು ಛತ್ರಿ, ಒಂದು ಕಂಬಳಿ, ಒಂದು ಬೀಸಣಿಗೆ ಮೂರನ್ನೂ ಕಟ್ಟಿ ತೂಗುಹಾಕಿದ್ದರು. ಐವತ್ತು ಅರವತ್ತು ಜನ ಸೇರಿದ್ದರು. ಮಸ್ತಾನಸಾಬರು ಹೋಟೆಲಿನ ಕಟ್ಟೆಯ ಮೇಲೆ ಕೂತಿದ್ದರು.

"ಕಾಶವ್ವ," ಎಂದು ಕೂಗಿದರು, "ಈ ಹಲಗಿಗಿ ಏಳು ಮನಿ ಯಾಕವಾ? ಒಂದೇ ಸಾಕು. ‘ಏನರೆ ಒಂದು ಆಗ್ತದ’ ಅಂತ ಬರಿ. ವರ್ಷಪೂರ್ತಿ ಸುಳ್ಳಾಗಲ್ಲ!"

ಬೀದಿಗೆ ಬೀದಿಯೇ ನಕ್ಕಿತು. ನಾನೂ ನಕ್ಕೆ. ಮಾಮಾ ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಎರಡು ದಿನ ಕಳೆದುಹೋಗಿತ್ತು, ಅವರಿಗೆ ಊರಿನ ನೀರಿನ ಚಿಂತೆ. ನಗು ನಿಂತ ಮೇಲೆ ಎದ್ದು ನನ್ನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದರು, "ಹತ್ತಕ್ಕ ಐದು ಅಂದ್ರ ಏನು ತಿಳ್ಕೋಬೇಕು ನಾವು? ಅರ್ಧ ಮಂದಿ ಇಳೀಬೇಕೇನು? ಹೌದು ಅನ್ನು, ಇಲ್ಲ ಅನ್ನು. ನಡುವ ಕೂಡಬ್ಯಾಡ."

ಅಂದು ಮನೆಗೆ ಹೋಗುವ ದಾರಿಯಲ್ಲಿ ಎದುರಾದವರೆಲ್ಲ ಮುಗುಳ್ನಕ್ಕ ಹಾಗೆ ಅನ್ನಿಸಿತು. ತರಕಾರಿ ಮಾರುವಾಕೆ, "ಅಕ್ಕೋರ, ಪುಂಡಿಪಲ್ಯ ಹತ್ತಕ್ಕ ಐದು ಪಾಲು ತಾಜಾ ಅದ," ಎಂದಳು. ಸುಮ್ಮನೆ ಹೇಳಿದ ಮಾತು, ಆದರೆ ಆ ದಿನ ನಾನು ಪಲ್ಯ ಕೊಳ್ಳದೆ ಮುಂದೆ ನಡೆದೆ. ನನ್ನ ಹತ್ತೊಂಬತ್ತು ವರ್ಷದ ಕೆಲಸದಲ್ಲಿ ಒಂದೇ ವಾರ ಮೂರು ಸಲ ತಪ್ಪಿದ್ದು ಅದೇ ಮೊದಲು.

ಗುರುವಾರ ಬೆಳಿಗ್ಗೆ, ಹವೆಯ ಲೆಕ್ಕ ಇಡುವ ನನ್ನ ಕಚೇರಿ ಗಾಳಿಮನೆಗೆ ಹೋಗಿ ನೋಡಿದೆ. ಪಡುವಣ ಬಯಲಿನ ಆಚೆ ಅಂಚಿನಲ್ಲಿ ನಾವು ಹೂತಿಟ್ಟ ಒಂದು ಸಾಧನವಿದೆ. ಗಾಳಿಯ ಒತ್ತಡ, ತೇವ ಅಳೆದು ತಂತಿಯ ಮೂಲಕ ಹೇಳುತ್ತದೆ. ದೂರಗಿವಿ ಎನ್ನುತ್ತೇವೆ. ಅದು ಹೇಳಿದ್ದನ್ನೂ ಯಂತ್ರ ಹೇಳಿದ್ದನ್ನೂ ಕೂಡಿಸಿದರೆ ಬಂದದ್ದು ಹತ್ತಕ್ಕೆ ಮೂರು. ಗಾಳಿಮನೆಯ ದಿನಚರಿಯಲ್ಲಿ ಬರೆದುಕೊಂಡೆ. ಹಲಗೆಗೆ ಬಂದೆ. ಮೇಲೆ ನೀಲಿ ಆಕಾಶ, ಒಂದು ಚೂರು ಮೋಡ ಇಲ್ಲ. ಬಿಳಿ ಬಳಿದೆ. ಸಣ್ಣ ಕುಂಚ ಎತ್ತಿಕೊಂಡು ಮಸಿಯಲ್ಲಿ ಅದ್ದಿದೆ. ತಂಡದವರು ಸಲಿಕೆ ಬುಟ್ಟಿ ಹಿಡಿದು ಹಿಂದೆ ನಿಂತಿದ್ದರು. ಮಸ್ತಾನಸಾಬರೂ ಇದ್ದರು.

"ಇವತ್ತ ಎಷ್ಟಕ್ಕ ಎಷ್ಟವಾ?" ಎಂದು ಕೇಳಿದರು. ತಂಡದಲ್ಲಿ ಯಾರೋ ಕಿಸಕ್ಕೆಂದರು.

ನಾನು ಸಣ್ಣ ಕುಂಚವನ್ನು ಒರೆಸಿ ಡಬ್ಬಿಯಲ್ಲಿಟ್ಟೆ. "ಒಣ, ಮಾಮಾ," ಎಂದೆ.

"ಹಂಗನ್ನು ಮತ್ತ!" ಎಂದು ಅವರು ಬೆನ್ನು ತಟ್ಟಿ ಹೊರಟರು.

ಇಷ್ಟೇ ಆದದ್ದು. ಹತ್ತಕ್ಕೆ ಏಳು ಪಾಲು ನಾನು ಹೇಳಿದ್ದೇ ನಿಜವಾಗಬೇಕಿತ್ತು. ಆಗಲೂಬಹುದಿತ್ತು. ಆಗಿದ್ದರೆ ಈ ಪತ್ರ ಇರುತ್ತಿರಲಿಲ್ಲ.

ಮೂರು ಗಂಟೆಯ ಸುಮಾರಿಗೆ ದೂರಗಿವಿಯ ಗಂಟೆ ಹೊಡೆಯಿತು. ಪಡುವಣ ಬಯಲಿನ ಆಚೆ ತುದಿಯಲ್ಲಿ, ಎರಡು ಹರದಾರಿ ದೂರದಲ್ಲಿ, ಭಾರಿ ಮಳೆ. ಕಿಟಕಿಯಿಂದ ನೋಡಿದೆ. ಊರಿನಲ್ಲಿ ಬಿಸಿಲು. ಎದುರಿನ ಮಾಳಿಗೆಯ ಮೇಲೆ ಒಬ್ಬಾಕೆ ಹಾಸಿಗೆ ಒಣಗಲು ಹಾಕಿ ಕೋಲಿನಿಂದ ಬಡಿಯುತ್ತಿದ್ದಳು. ಪಡುವಣಕ್ಕೆ ಮಾತ್ರ ದೂರದಲ್ಲಿ, ನೆಲಕ್ಕೆ ತಾಗಿದಂತೆ, ಅಂಗೈ ಅಗಲದ ಒಂದು ಕಪ್ಪು. ಅಲ್ಲಿ ಬಿದ್ದ ನೀರು ಬಯಲಿನ ಕಲ್ಲಿನ ಮೇಲೆ ನಿಲ್ಲುವುದಿಲ್ಲ, ನೇರ ಒಳಹೊಳೆಯ ಮೊದಲ ಬಾಯಿಗೆ ಬರುತ್ತದೆ.

ನಾನು ಓಡಿದೆ. ಚಪ್ಪಲಿ ಹಾಕಿಕೊಳ್ಳಲಿಲ್ಲ. ಗಾಳಿಮನೆಯಿಂದ ಐದನೆಯ ಬಾಯಿಗೆ ಅರ್ಧ ಮೈಲಿ. ಮೂವರು ಮೇಲೆ ಬುಟ್ಟಿ ಎಳೆಯುತ್ತಿದ್ದರು, ಮಸ್ತಾನಸಾಬರು ಅವರಲ್ಲಿದ್ದರು. ಆರು ಜನ ಒಳಗಿದ್ದರು.

"ಮಾಮಾ, ನೀರು! ಮ್ಯಾಲ ಕರೀರಿ, ನೀರು ಬರ್ಲಕತ್ತದ!"

ಅವರು ಆಕಾಶ ನೋಡಿದರು. ನನ್ನ ಮುಖ ನೋಡಿದರು. ಒಂದು ಕ್ಷಣವೂ ತಡೆಯಲಿಲ್ಲ. ಬಾಯಿಯ ಅಂಚಿಗೆ ಬಗ್ಗಿ ಒಬ್ಬೊಬ್ಬರ ಹೆಸರು ಹಿಡಿದು ಕೂಗಿದರು. ಮೂವರು ಐದನೆಯ ಬಾಯಿಯಿಂದ ಹತ್ತಿ ಬಂದರು, ಇಬ್ಬರು ಆರನೆಯದರಿಂದ. ಝರೆಪ್ಪ ಬರಲಿಲ್ಲ. ಅವನು ನಾಲ್ಕನೆಯ ಬಾಯಿಯ ಆಚೆ, ಎಲ್ಲರಿಗಿಂತ ಮುಂದೆ ಅಗೆಯುತ್ತಿದ್ದ. ಅಷ್ಟರಲ್ಲಿ ಕೆಳಗೆ ಸದ್ದು ಕೇಳಿತು. ಹಂಡೆಯ ನೀರು ಕುದಿಯುವ ಹಾಗೆ ಶುರುವಾಗಿ, ಲಾರಿ ಹೋದ ಹಾಗೆ ನಮ್ಮ ಕಾಲ ಕೆಳಗೆ ಹಾದುಹೋಯಿತು.

ನೀರು ಅವನನ್ನು ಐದನೆಯ ಬಾಯಿ ದಾಟಿಸಿ ಆರನೆಯದರ ತಳಕ್ಕೆ ತಂದು, ಅಲ್ಲಿದ್ದ ಕಬ್ಬಿಣದ ಏಣಿಗೆ ಸಿಕ್ಕಿಸಿತ್ತು. ಕಾಲು ಏಣಿಯ ಕೆಳಗೆ, ಸೊಂಟದ ಮೇಲೆ ಹೂಳು. ಕೈ ಮಾತ್ರ ಕಾಣುತ್ತಿತ್ತು. ಮಸ್ತಾನಸಾಬರು ಹಗ್ಗ ಸುತ್ತಿಕೊಂಡು ತಾವೇ ಇಳಿದರು. ಅವನ ತಲೆಯನ್ನು ನೀರಿನ ಮೇಲೆ ಎತ್ತಿ ಹಿಡಿದು, ಉಳಿದವರು ಏಣಿ ಕೊಯ್ದು ತೆಗೆಯುವವರೆಗೆ, ಹತ್ತಿರ ಹತ್ತಿರ ಒಂದು ತಾಸು ಹಾಗೆಯೇ ನಿಂತರು. ನಾನು ಮೇಲೆ ಹಗ್ಗ ಹಿಡಿದವರ ಜೊತೆ ಹಿಡಿದಿದ್ದೆ. ಬಿಸಿಲು ಬೆನ್ನು ಸುಡುತ್ತಿತ್ತು. ಒಂದು ಹನಿಯೂ ನಮ್ಮ ಮೇಲೆ ಬೀಳಲಿಲ್ಲ.

ಝರೆಪ್ಪ ಬದುಕಿದ. ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು, ಎದೆಯೊಳಗೆ ಕೆಸರು ಹೋಗಿತ್ತು. ಇನ್ನೆಂದೂ ಬಗ್ಗಿ ನಡೆಯುವ ಕೆಲಸ ಆಗದು ಎಂದು ಡಾಕ್ಟರು ಹೇಳಿದರು.

ಶುಕ್ರವಾರ ಊರಿನಲ್ಲಿ ದಿನವಿಡೀ ಸಣ್ಣ ಮಳೆ. ಕಂಡವರೆಲ್ಲ ನನ್ನನ್ನು ತಡೆದು ನಿಲ್ಲಿಸಿ ಕೈ ಹಿಡಿದುಕೊಂಡರು. ಊರಲ್ಲಿ ಬಿಸಿಲಿದ್ದಾಗ ಎರಡು ಹರದಾರಿ ಆಚೆಯ ಮಳೆ ಯಾರಿಗೆ ಗೊತ್ತಾಗುತ್ತಿತ್ತು, ಬರಿಗಾಲಲ್ಲಿ ಓಡಿ ಐದು ಜನರನ್ನು ಉಳಿಸಿದಳು ಎಂದು ಊರೆಲ್ಲ ಮಾತು. ಬುಧವಾರ ಪುಂಡಿಪಲ್ಯದ ಮಾತಾಡಿದ್ದಾಕೆ ಕಣ್ಣಲ್ಲಿ ನೀರು ತಂದುಕೊಂಡು ಒಂದು ಕಟ್ಟು ಪಲ್ಯ ಕೈಗಿಟ್ಟಳು. ಭಾನುವಾರದ ಸಂತೆಯಲ್ಲಿ ನನಗೆ ಶಾಲು ಹೊದಿಸುವುದೆಂದು ಊರ ಅಧ್ಯಕ್ಷೆ ತೀರ್ಮಾನಿಸಿದರು. ನಾನು ಬೇಡವೆಂದೆ. ವಿನಯಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡರು. ದಿನಚರಿಯಲ್ಲಿ ನನ್ನ ಕೈಯಿಂದಲೇ ಬರೆದ ‘ಹತ್ತಕ್ಕೆ ಮೂರು’ ಇತ್ತು. ಅದನ್ನು ಓದುವವಳು ನಾನೊಬ್ಬಳೇ.

ಎರಡು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೂರು ಪಾಲು ಎಂದು ಬರೆದಿದ್ದರೂ ಅವರು ಇಳಿದೇ ಇಳಿಯುತ್ತಿದ್ದರು. ಎರಡು ದಿನ ಕಳೆದುಕೊಂಡವರು ಮೂರು ಪಾಲಿಗೆ ಹೆದರಿ ಮನೆಯಲ್ಲಿ ಕೂರುತ್ತಿರಲಿಲ್ಲ. ಹಾಗಾದರೆ ಬರೆದರೂ ಅಷ್ಟೇ, ಬಿಟ್ಟರೂ ಅಷ್ಟೇ. ಈ ಲೆಕ್ಕ ನನಗೆ ಸರಿಯಾಗಿಯೇ ಕಂಡಿತು. ಆದರೂ ಶನಿವಾರ ದವಾಖಾನೆಗೆ ಹೋದೆ.

ಝರೆಪ್ಪ ಕಣ್ಣು ತೆರೆದು ಮಲಗಿದ್ದ. ಅವನ ಹೆಂಡತಿ ತೇಜಮ್ಮ ನನ್ನನ್ನು ಕಂಡು ಎದ್ದು, ಸ್ಟೂಲು ಒರೆಸಿ ಕೂರಿಸಿದಳು. "ನೀವು ಓಡಿ ಬಂದಿದ್ದಕ್ಕ ಇವರು ಉಳದಾರ್ರಿ ಅಕ್ಕೋರ. ಹಾಲು ಕುಡೀರಿ," ಎಂದು ಗಂಡನಿಗೆಂದು ಕಾಯಿಸಿದ್ದ ಹಾಲನ್ನು ಲೋಟಕ್ಕೆ ಬಗ್ಗಿಸಿ ಮುಂದಿಟ್ಟಳು.

ನಾನು ಕುಡಿಯಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಬೆಳಿಗ್ಗೆಯೇ ಮೂರು ಪಾಲು ಬಂದದ್ದು, ಕುಂಚ ಅದ್ದಿದ್ದು, ಒರೆಸಿಟ್ಟದ್ದು. ನಗುತ್ತಾರೆ ಎಂದು ಬರೆಯಲಿಲ್ಲ ಎಂಬುದನ್ನೂ ಹೇಳಿದೆ. ಕೊನೆಗೆ, "ಮೂರು ಪಾಲು ಅಂತ ಬರೆದಿದ್ರೂ ನೀವು ಇಳೀತಿದ್ರಿ ಅಂತ ನನಗ ನಾನ ಹೇಳ್ಕೋಲಕತ್ತೀನಿ, ಝರೆಪ್ಪ," ಎಂದೆ.

"ಇಳೀತಿದ್ದೆ ಅಕ್ಕೋರ," ಎಂದ. "ಮೂರು ಪಾಲಿಗಿ ಯಾರು ಮನ್ಯಾಗ ಕೂಡ್ತಾರ?"

ನನ್ನ ಎದೆಯಿಂದ ಏನೋ ಇಳಿದ ಹಾಗಾಯಿತು. ಅವನು ಇನ್ನೂ ಮುಗಿಸಿರಲಿಲ್ಲ. ಮಾತಿಗೊಮ್ಮೆ ಕೆಮ್ಮು ಬರುತ್ತಿತ್ತು, ಅದು ನಿಲ್ಲುವುದನ್ನು ಕಾಯುತ್ತಿದ್ದ.

"ಆದ್ರ ಹಗ್ಗ ಕಟ್ಕೊಂಡು ಇಳೀತಿದ್ದೆ."

ನನಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಪಾಲು ಬರೆದ ದಿನ ಒಳಗೆ ಇಳಿಯುವವರೆಲ್ಲ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಾರೆ. ಅದರ ತುದಿ ಮೇಲಿನವರ ಕೈಯಲ್ಲಿರುತ್ತದೆ. ಇಕ್ಕಟ್ಟಿನಲ್ಲಿ ಹಗ್ಗ ಒಂದಕ್ಕೊಂದು ತೊಡರಿಕೊಂಡು ಕೆಲಸ ಅರ್ಧಕ್ಕರ್ಧ ನಿಧಾನ. ಆದ್ದರಿಂದ ಬರಿಯ ಬಿಳಿ ಇದ್ದ ದಿನ ಕಟ್ಟುವುದಿಲ್ಲ. ಗುರುವಾರ ಬರಿಯ ಬಿಳಿ ಇತ್ತು. "ಹಗ್ಗ ಇದ್ದಿದ್ರ ನಾಕನೇ ಬಾಯ್ಯಾಗ ಎಳೀತಿದ್ರು," ಎಂದ. ಸಿಟ್ಟಿನಿಂದ ಹೇಳಲಿಲ್ಲ. ಒಂದು ಕೆಲಸ ಹೇಗೆ ಮಾಡುತ್ತಾರೆ ಎಂದು ಗೊತ್ತಿಲ್ಲದವರಿಗೆ ತಿಳಿಸುವ ಹಾಗೆ ಹೇಳಿದ.

ಹತ್ತೊಂಬತ್ತು ವರ್ಷ ನಾನು ಆ ಹಲಗೆ ಬರೆದಿದ್ದೆ. ಅದನ್ನು ಓದಿದವರು ಆಮೇಲೆ ಏನು ಮಾಡುತ್ತಾರೆ ಎಂದು ಒಂದು ದಿನವೂ ಸುರಂಗದ ಬಾಯಿಗೆ ಹೋಗಿ ನೋಡಿರಲಿಲ್ಲ. ಇಳಿಯುತ್ತಾರೆ ಅಥವಾ ಇಳಿಯುವುದಿಲ್ಲ, ಎರಡೇ ಎಂದು ತಿಳಿದಿದ್ದೆ.

ತೇಜಮ್ಮ ನನ್ನ ಮುಂದಿದ್ದ ಹಾಲಿನ ಲೋಟವನ್ನು ಎತ್ತಿಕೊಂಡು ಹೋಗಿ ಕಿಟಕಿಯ ಮೇಲಿಟ್ಟು, ನನಗೆ ಬೆನ್ನು ಮಾಡಿ ಅಲ್ಲೇ ನಿಂತಳು. ನಾನು ಎದ್ದು ಬಂದೆ.

ಭಾನುವಾರ ಮೋಡ ಮುಸುಕಿತ್ತು, ಗಾಳಿ ಬಿದ್ದಿತ್ತು. ಅಧ್ಯಕ್ಷೆ ಶಾಲು ಬಿಚ್ಚುತ್ತಿದ್ದಾಗ ನಾನು ತಡೆದು, ಹಲಗೆಯ ಮುಂದೆ ನಿಂತು ಎಲ್ಲರಿಗೂ ಹೇಳಿದೆ. ದಿನಚರಿಯನ್ನು ತೆರೆದು ತೋರಿಸಿದೆ. ಮಸ್ತಾನಸಾಬರು ಮುಂದಿನ ಸಾಲಿನಲ್ಲಿದ್ದರು. ಗುರುವಾರ ಒಂದು ತಾಸು ಝರೆಪ್ಪನ ತಲೆಯನ್ನು ಎತ್ತಿ ಹಿಡಿದ ಕೈಗಳಿಗೆ ಇನ್ನೂ ಬಟ್ಟೆ ಸುತ್ತಿತ್ತು.

"ಅಂದ್ರ ನಾ ನಕ್ಕೆ ಅಂತ ನೀ ಬರೀಲಿಲ್ಲ," ಎಂದರು.

"ಅದು ನನ್ನ ತಪ್ಪು ಮಾಮಾ. ನಿಮ್ಮದಲ್ಲ."

"ನಿಂದ ಅದ ಅಂತ ನನಗೂ ಗೊತ್ತದ. ಆದ್ರ ನನ್ನದೂ ಒಂದು ಪಾಲು ಅದ. ಅದನ್ನ ನೀ ಇವತ್ತ ಸಂತ್ಯಾಗ ನಿಂತು ನನ್ನ ತಲಿ ಮ್ಯಾಲ ಇಟ್ಟಿ. ಇನ್ನ ನಾ ಹೊತಗೊಂಡು ತಿರಗಬೇಕು." ಬಟ್ಟೆ ಸುತ್ತಿದ ಕೈಯಿಂದ ಹಲಗೆ ತೋರಿಸಿದರು. "ಮೂರು ಅಂದಿದ್ರ ಆಗ್ತಿತ್ತು. ನಗ್ತಿದ್ದೆ. ನಕ್ಕೋತ ಹಗ್ಗ ಕಟ್ತಿದ್ದೆ." ಇಷ್ಟು ಹೇಳಿ ಸಂತೆ ಬಿಟ್ಟು ಹೊರಟುಹೋದರು.

ನನ್ನನ್ನು ತೆಗೆಯಬೇಕು ಎಂದು ಕೆಲವರು ಕೂಗಿದರು. ಅಧ್ಯಕ್ಷೆ ಶಾಲನ್ನು ಅದರ ಕಾಗದದೊಳಗೆ ಮಡಿಸಿಟ್ಟು ಹೇಳಿದರು: "ಬ್ಯಾರೇದವರ್ನ ತಂದ್ರ ಅವರೂ ಒಂದಿನ ನಾಚ್ಕೋತಾರ. ನಾಚ್ಕೊಂಡ್ರ ಏನಾಗ್ತದ ಅಂತ ಈಕಿಗಿ ಗೊತ್ತಾಗ್ಯದ. ಇರ್ಲಿ." ಹೀಗೆ ನಾನು ಉಳಿದೆ. ಅದು ಕ್ಷಮೆ ಎಂದು ನಾನು ಯಾವತ್ತೂ ತಿಳಿದಿಲ್ಲ.

ಆ ವರ್ಷ ಒಳಹೊಳೆಯ ಹೂಳು ಅರ್ಧವೂ ತೆಗೆಯಲಾಗಲಿಲ್ಲ. ಮಾಘದಿಂದಾಚೆ ಊರವರು ಕೊಡ ಹೊತ್ತು ನದಿಯವರೆಗೆ ನಡೆದರು. ನಾನೂ ನಡೆದೆ. ಸಾಲಿನಲ್ಲಿ ನನ್ನ ಹಿಂದೆ ಮುಂದೆ ನಿಂತವರಲ್ಲಿ ಕೆಲವರು ಮಾತಾಡಿಸುತ್ತಿದ್ದರು, ಕೆಲವರು ಮಾತಾಡಿಸುತ್ತಿರಲಿಲ್ಲ. ಝರೆಪ್ಪ ಎರಡು ವರ್ಷದ ಮೇಲೆ ಕೋಲು ಹಿಡಿದು ನಡೆಯುವಂತಾದ. ಹೊಲಿಗೆ ಕಲಿತು ಈಗ ಮುಬ್ಬಟ್ಟೆ ಚೀಲ ಹೊಲಿಯುತ್ತಾನೆ. ಊರಿನಲ್ಲಿ ಅರ್ಧ ಜನರ ಹೆಗಲ ಮೇಲೆ ಅವನು ಹೊಲಿದ ಚೀಲವೇ. ಚಳಿ ಹೆಚ್ಚಾದರೆ ಇಂದಿಗೂ ಅವನ ಸೊಂಟ ನೋಯುತ್ತದೆ. ತೇಜಮ್ಮ ನನಗೆ ನಮಸ್ಕಾರ ಹೇಳುತ್ತಾಳೆ. ಅವಳ ಮನೆಯಲ್ಲಿ ನಾನು ಹಾಲು ಕುಡಿದಿಲ್ಲ, ಅವಳು ಕೊಟ್ಟೂ ಇಲ್ಲ.

ನಾನು ಪ್ರತಿ ನಡುಮಾಸ ಸುರಂಗದ ಬಾಯಿಗೆ ಹೋಗಿ ಕೂರಲು ಶುರು ಮಾಡಿದೆ. ಬಿಳಿಯಾಗಲಿ ನೀಲಿಯಾಗಲಿ, ಏಳು ಮನೆಗೂ ಪಾಲು ಬರೆಯದೆ ಬಿಡಲಿಲ್ಲ. ಹತ್ತಕ್ಕೆ ಒಂದಿದ್ದರೂ ಬರೆದೆ. ಇದು ಎಲ್ಲರಿಗೂ ಹಿಡಿಸಿತೆಂದು ಹೇಳಲಾರೆ. ಹೌದು ಅಥವಾ ಇಲ್ಲ ಎನ್ನುವ ಪಕ್ಕದೂರಿನ ವಾರಗಾರನೇ ಮೇಲು ಎನ್ನುವವರು ಈಗಲೂ ಇದ್ದಾರೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೊರಟವರಿಗೆ ಅನುಮಾನವನ್ನೂ ಬುತ್ತಿಯ ಜೊತೆ ಕಟ್ಟಿಕೊಡುವುದು ಸಣ್ಣ ಭಾರವಲ್ಲ.

ಮಸ್ತಾನಸಾಬರು ಮೂರು ವರ್ಷ ನನ್ನ ಜೊತೆ ಮಾತಾಡಲಿಲ್ಲ. ದಿನಾ ಬರುತ್ತಿದ್ದರು, ಹಲಗೆ ಓದುತ್ತಿದ್ದರು, ಹೋಗುತ್ತಿದ್ದರು. ನಾಲ್ಕನೆಯ ವರ್ಷದ ನಡುಮಾಸದಲ್ಲಿ ಒಂದು ಬೆಳಿಗ್ಗೆ ನಾನು ಬಿಳಿ ಬಳಿದು, ಸಣ್ಣ ಕುಂಚ ಅದ್ದಿಕೊಂಡು, ಎಷ್ಟು ಬರೆಯಲಿ ಎಂದು ತಡೆದು ನಿಂತಿದ್ದೆ. ಎರಡೋ ಮೂರೋ ಎಂದು ನನಗೇ ತೀರ್ಮಾನವಾಗಿರಲಿಲ್ಲ. ಹಿಂದಿನಿಂದ ಅವರ ದನಿ ಕೇಳಿತು.

"ಎಷ್ಟು ಪಾಲು, ಕಾಶವ್ವ?"

"ಎರಡೋ ಮೂರೋ ಗೊತ್ತಾಗವಲ್ದು ಮಾಮಾ."

"ಹಂಗ ಬರಿ," ಎಂದರು. "ಎರಡೋ ಮೂರೋ ಅಂತ ಬರಿ. ಓದ್ಲಿಕ್ಕಿ ನಾ ಇದ್ದೀನಲ್ಲ."

ಬರೆದೆ. ಆ ದಿನ ಮಳೆ ಬಂತೋ ಇಲ್ಲವೋ ನನಗೆ ನೆನಪಿಲ್ಲ. ಅವರು ತೀರಿಕೊಂಡು ಈಗ ಒಂಬತ್ತು ವರ್ಷ.

ನಿಮ್ಮ ಕಾಲದಲ್ಲಿ ವಾರಗಾರ್ತಿ ಇರಲಿಲ್ಲ ಎಂದು ಗೊತ್ತು. ಆದರೆ ನಾಳೆ ಏನಾದೀತು ಎಂದು ಹೇಳುವ ಕೆಲಸದವರು ನಿಮ್ಮಲ್ಲೂ ಇದ್ದೇ ಇರುತ್ತಾರೆ. ರೋಗಿಯ ನಾಡಿ ಹಿಡಿದವರು, ಸೇತುವೆ ನೋಡಿ ನಡೆಯಬಹುದು ಎನ್ನುವವರು, ಬೀಜ ಬಿತ್ತಿರಿ ಎನ್ನುವವರು. ಅವರು ಹೌದು ಎಂದಾಗ ಬೆನ್ನು ತಟ್ಟಿ ಹೊರಟುಬಿಡಬೇಡಿ. ಎಷ್ಟು ಪಾಲು ಎಂದು ಕೇಳಿ. ಅವರು ತಡವರಿಸಿದರೆ, ಗೊತ್ತಿಲ್ಲ ಎಂದರೆ, ಎರಡೋ ಮೂರೋ ಎಂದರೆ, ನಗು ಬಂದೀತು. ಬಂದರೆ ನಕ್ಕುಬಿಡಿ, ಆದರೆ ಕೇಳಿದ ಮೇಲೆ ಅಲ್ಲೇ ನಿಂತು ಉತ್ತರ ಪೂರ್ತಿ ಕೇಳಿಸಿಕೊಳ್ಳಿ. ಹೇಳುವವರಿಗೆ ಎಷ್ಟು ಹೆದರಿಕೆ ಇರುತ್ತದೆ ಎಂದು ಹೇಳಿದವಳಿಗೆ ಗೊತ್ತು.

ನಿಮಗೆ ಒಳ್ಳೆಯ ವಾರಗಳು ಸಿಗಲಿ.

ನಿಮ್ಮ ಊರಿನವಳು,
ಕಾಶೆಮ್ಮ